ನೀರು ಹೀರಿದ ಹರಳು: ಕೊಪಾಲಿಯೆಸ್ಟರ್ ಜೊತೆ ನನ್ನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನನ್ನ ಸಣ್ಣ ಮೋಲ್ಡಿಂಗ್ ಘಟಕಕ್ಕೆ, ಪವರ್ ಟಿಲ್ಲರ್‌ನ ಗೇರ್ ಲಿವರ್ ಬುಡದಲ್ಲಿ ಕೂರುವ ಮಡಿಕೆ ಮಡಿಕೆಯ ಬೂಟ್ (ಕೆಸರು ಒಳಗೆ ಹೋಗದಂತೆ ತಡೆಯುವ ಹೊದಿಕೆ) ಮಾಡಿಕೊಡುವ ಕೆಲಸ ಬಂದಾಗ, ರಬ್ಬರ್ ಬಿಟ್ಟು ಥರ್ಮೋಪ್ಲಾಸ್ಟಿಕ್ ಕೊಪಾಲಿಯೆಸ್ಟರ್ (ಕಾಯಿಸಿದರೆ ಕರಗುವ, ರಬ್ಬರಿನಂತೆ ಬಾಗುವ, ಹರಳಿನಂಥ ಕಾಳುಗಳಾಗಿ ಬರುವ ಪ್ಲಾಸ್ಟಿಕ್) ಬಳಸೋಣವೆಂದು ನಾನೇ ಸೂಚಿಸಿದೆ. ಗದ್ದೆಯ ಕೆಸರು, ಗ್ರೀಸ್, ಮತ್ತೆ ಮತ್ತೆ ಬಾಗುವಿಕೆ, ಇವೆಲ್ಲವನ್ನೂ ತಾಳಿಕೊಂಡು, ಬಿಸಿಯಾಗಿರುವಾಗಲೇ ಗಾಳಿ ಊದಿ ಅಚ್ಚಿನ ಒಳಗಂಬದಿಂದ ಕಳಚಿ ತೆಗೆಯಬಹುದಾದ ವಸ್ತು ಇದು.

ಅದರ ಗುಣವೆಲ್ಲ ಅಣುಸರಪಳಿಯ ಹೆಣಿಗೆಯಲ್ಲಿದೆ. ಡೈಮೀಥೈಲ್ ಟೆರೆಫ್ತಾಲೇಟ್, ಬ್ಯೂಟೇನ್‌ಡೈಆಲ್ ಮತ್ತು ಉದ್ದನೆಯ ಪಾಲಿಈಥರ್ ಗ್ಲೈಕಾಲ್‌ಗಳನ್ನು ಟೈಟಾನಿಯಂ ಸಂಯುಕ್ತವೊಂದರ ವೇಗವರ್ಧನೆಯಲ್ಲಿ ಕಾಯಿಸಿ, ಮೊದಲು ಮೆಥನಾಲನ್ನೂ ಕೊನೆಗೆ ನಿರ್ವಾತದಲ್ಲಿ ಹೆಚ್ಚುವರಿ ಬ್ಯೂಟೇನ್‌ಡೈಆಲನ್ನೂ ಹೊರತೆಗೆದಾಗ, ಗಡಸು ತುಂಡು ಮತ್ತು ಮೆದು ತುಂಡುಗಳು ಒಂದರ ಬೆನ್ನಿಗೆ ಒಂದು ಬರುವ ಸರಪಳಿ ಸಿಗುತ್ತದೆ. ಗಡಸು ತುಂಡುಗಳು ಸ್ಫಟಿಕದಂತೆ ಹರಳುಗಟ್ಟಿ ಗಂಟುಗಳಾಗುತ್ತವೆ, ಮೆದು ತುಂಡುಗಳು ಹಿಗ್ಗಿ ಕುಗ್ಗುತ್ತವೆ. ರಬ್ಬರಿನಲ್ಲಿ ಗಂಧಕ ಹಾಕುವ ಗಂಟು ಮತ್ತೆ ಬಿಚ್ಚುವುದಿಲ್ಲ. ಇಲ್ಲಿನ ಗಂಟು ಕಾಯಿಸಿದರೆ ಕರಗಿ, ತಣಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಡುಪಾಂಟ್ ಕಂಪನಿ 1972ರಲ್ಲಿ ಹೈಟ್ರೆಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ಜಾತಿಯ ವಸ್ತುವನ್ನು. ಗಡಸು ತುಂಡಿನ ಪಾಲು ಹೆಚ್ಚಿದಷ್ಟೂ ಗಡಸುತನವೂ ಕರಗುವ ಉಷ್ಣತೆಯೂ ಏರುತ್ತವೆ. ನಾನು ಆರಿಸಿಕೊಂಡದ್ದು ಶೋರ್ ಡಿ ಎಂಬ ಗಡಸುತನದ ಅಳತೆಯಲ್ಲಿ 40ರ ಮೆದು ದರ್ಜೆ.

ಆಷಾಢದ ಜಿಟಿಜಿಟಿ ಮಳೆಯಲ್ಲಿ ತೆಗೆದ ಒಂದು ಬ್ಯಾಚಿನ ಬೂಟುಗಳು ನೋಡಲು ನುಣುಪಾಗಿದ್ದರೂ, ಗ್ರಾಹಕರ ಬಾಗಿಸುವ ಪರೀಕ್ಷೆಯಲ್ಲಿ ಮಡಿಕೆಯ ತಳದಲ್ಲೇ ಸೀಳಿಬಿಟ್ಟವು. ಮೊದಲು ಅಚ್ಚಿನ ಮೇಲೆ ಅನುಮಾನಪಟ್ಟು ಎರಡು ದಿನ ಕಳೆದೆ. ಆಮೇಲೆ ಯಂತ್ರದ ಮೂತಿಯಾದ ನಾಜಲ್‌ನಿಂದ ಕರಗಿದ ಮಾಲನ್ನು ಸುಮ್ಮನೆ ಹೊರಬಿಟ್ಟು ನೋಡಿದಾಗ, ಜೇನಿನಂತೆ ದಪ್ಪನಾಗಿ ಇಳಿಯಬೇಕಾದದ್ದು ತೆಳ್ಳಗೆ ಸುರಿಯಿತು. ಮುರಿದು ನೋಡಿದರೆ ಒಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳಿದ್ದವು. ಸೀಳಿದ ಬೂಟುಗಳನ್ನು ಚೂರು ಮಾಡಿ, ಚೆನ್ನಾಗಿ ಒಣಗಿಸಿ (ಒಣಗಿಸದಿದ್ದರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ) ಹರಿವಿನ ಸೂಚ್ಯಂಕ (ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) ಅಳೆಸಿದಾಗ, ಅದು ಹೊಸ ಹರಳಿನ ಎರಡು ಪಟ್ಟಿಗೂ ಹೆಚ್ಚಿತ್ತು. ಸರಪಳಿಗಳು ತುಂಡಾಗಿದ್ದವು.

ರಾತ್ರಿ ಬಾಯಿ ಬಿಚ್ಚಿಟ್ಟಿದ್ದ ಚೀಲವೇ ಕಾರಣ, ಅದರಲ್ಲಿದ್ದ ಹರಳು ಗಾಳಿಯ ತೇವ ಹೀರಿತ್ತು. ಕರಗಿದ ಸ್ಥಿತಿಯಲ್ಲಿ ನೀರಿನ ಒಂದು ಅಣು ಸರಪಳಿಯ ಕೊಂಡಿಗಳನ್ನು ಬೆಸೆದಿರುವ ಒಂದು ಎಸ್ಟರ್ ಬಂಧವನ್ನು ಕತ್ತರಿಸುತ್ತದೆ. ಆ ಸಂಜೆ ಕಾಗದದ ಮೇಲೆ ಹಾಕಿದ ಲೆಕ್ಕ ಇಂದಿಗೂ ನನ್ನ ಮೇಜಿನ ಗಾಜಿನಡಿ ಇದೆ. ಸರಪಳಿಯ ಸರಾಸರಿ ಅಣುತೂಕ 25,000 ಎಂದುಕೊಂಡರೆ ಒಂದು ಕಿಲೋ ಮಾಲಿನಲ್ಲಿ 0.04 ಮೋಲ್ (ಅಣುಗಳ ಎಣಿಕೆಯ ಮಾನ) ಸರಪಳಿಗಳಿವೆ. ಅದೇ ಒಂದು ಕಿಲೋದಲ್ಲಿ ಶೇ. 0.1ರಷ್ಟು, ಅಂದರೆ ಒಂದೇ ಗ್ರಾಂ ನೀರಿದ್ದರೂ ಅದು 0.055 ಮೋಲ್. ಅಷ್ಟೂ ನೀರು ಕೆಲಸ ಮಾಡಿದರೆ ಪ್ರತಿ ಸರಪಳಿಗೂ ಒಂದಕ್ಕಿಂತ ಹೆಚ್ಚು ಕತ್ತರಿ ಬೀಳುತ್ತದೆ! ಶೇ. 0.02ಕ್ಕೆ ಇಳಿಸಿದರೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮಾತ್ರ.

ಯಂತ್ರಕ್ಕೆ ಹರಳು ಸುರಿಯುವ ಹಾಪರ್ ಮೇಲಿದ್ದ ಸಾಮಾನ್ಯ ಬಿಸಿಗಾಳಿ ಡ್ರೈಯರ್ ಮಳೆಗಾಲದ ತೇವದ ಗಾಳಿಯನ್ನೇ ಕಾಯಿಸಿ ಹರಳಿನ ಮೇಲೆ ಊದುತ್ತಿತ್ತು. ಸಾಲ ಮಾಡಿ, ಗಾಳಿಯ ತೇವವನ್ನೇ ಹೀರಿ ತೆಗೆಯುವ ಡ್ರೈಯರ್ ತಂದೆ. ಈಗ 100 ಡಿಗ್ರಿಯಲ್ಲಿ ಮೂರು ಗಂಟೆ ಒಣಗಿಸಿ, ಮುಚ್ಚಿದ ಹಾಪರ್‌ನಿಂದ ನೇರವಾಗಿ, ಹರಳು ಕರಗುವ ಬ್ಯಾರೆಲ್‌ಗೆ ಬಿಡುತ್ತೇವೆ. ಅಚ್ಚಿನ ಕಾಲುವೆಯಲ್ಲಿ ಗಟ್ಟಿಯಾಗಿ ಉಳಿಯುವ ಮಾಲಿನ (ರನ್ನರ್) ಪುಡಿಯನ್ನೂ ಹಾಗೆಯೇ ಒಣಗಿಸದೆ ಮರುಬಳಸುವುದಿಲ್ಲ. ಬ್ಯಾರೆಲ್‌ನಲ್ಲಿ ಪಿವಿಸಿ ಉಳಿದಿರಲೂಬಾರದು, ಅದರಿಂದ ಹೊರಡುವ ಆಮ್ಲವೂ ಸರಪಳಿಯನ್ನು ಕಡಿಯುತ್ತದೆ. ಆಮೇಲೆ ಬೂಟುಗಳು ಸೀಳಿಲ್ಲ.

ಬೂಟಿನ ಸುದ್ದಿ ಕೇಳಿ ಪಾಂಡವಪುರದ ಕಡೆಯ ಆಲೆಮನೆಯ ಯಜಮಾನರೊಬ್ಬರು, ಕುದಿನೀರಿನ ಕೊಳವೆಗೆ ಇದೇ ಮಾಲಿನ ವಾಷರ್ ಕೇಳಿಕೊಂಡು ಬಂದರು. "ಎಣ್ಣೆಗೆ ಜಗ್ಗಲ್ಲ ಯಜಮಾನ್ರೇ, ಆದ್ರೆ ದಿನಾ ಕುದಿನೀರಲ್ಲಿ ಇಟ್ರೆ ಒಳಗೊಳಗೇ ಕಡಿದುಹೋಗುತ್ತೆ" ಎಂದು, ಗಾಜಿನಡಿಯ ಲೆಕ್ಕ ತೋರಿಸಿ, ಕುದಿನೀರು ತಾಳುವ ಇಪಿಡಿಎಂ ರಬ್ಬರಿನ ವಾಷರ್ ಹಾಕಿಸಿಕೊಳ್ಳಲು ಹೇಳಿ ಕಳುಹಿಸಿದೆ.