ಅಡಿಕೆ ಅಂಗಡಿಗೆ ಕೊಕ್ಕೊ ಬಂದಾಗ: ಎಕ್ಸ್‌ಎಂಎಲ್ ಓದುವ ಪ್ರೋಗ್ರಾಮಿಗೆ ಪ್ಲಗಿನ್ ನಿಯಮ ಜೋಡಿಸುವುದು ಹೇಗೆ?

ಬದಿಯಡ್ಕದಲ್ಲಿ ನಮ್ಮ ಭಾವನ ಅಡಿಕೆ ಅಂಗಡಿ ಇದೆ. ಸಂಜೆಯ ಲೆಕ್ಕಕ್ಕೆಂದು ಅವರಿಗೆ ಒಂದು ಸಣ್ಣ ಜಾವಾ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದಿನದ ಖರೀದಿ ಎಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ, ಅಂದರೆ ಪ್ರತಿ ಮಾಹಿತಿಗೂ ಟ್ಯಾಗ್ ಎಂಬ ಹೆಸರುಚೀಟಿ ಅಂಟಿಸಿದ ಫೈಲಿನಲ್ಲಿ, ಇರುತ್ತದೆ. ಪ್ರೋಗ್ರಾಂ ಅದನ್ನು ಓದಿ ಬಿಲ್ಲು ಹಾಕುತ್ತದೆ. ಅಡಿಕೆ ಮಾತ್ರ ಇದ್ದಾಗ ತಲೆಬಿಸಿ ಇರಲಿಲ್ಲ. ಹಳತು, ಹೊಸತು, ಪಟೋರ, ಕರಿಗೋಟು ಯಾವುದೇ ಇರಲಿ, ತೂಕಕ್ಕೆ ದರ ಗುಣಿಸಿದರೆ ಮುಗಿಯಿತು. ಆಮೇಲೆ ಕಾಳುಮೆಣಸು ಬಂತು. ಅದರಲ್ಲಿ ತೇವದ ಲೆಕ್ಕ ಕಳೆಯಬೇಕು. ರಬ್ಬರ್ ಬಂತು. ಅದರಲ್ಲಿ ಶೀಟಿಗೊಂದು ದರ, ಸ್ಕ್ರಾಪಿಗೊಂದು ದರ. ಹಸಿ ಕೊಕ್ಕೊ ಶುರುವಾದ ದಿನ ಭಾವನ ಫೋನು: "ಎಂತ ಮಾರಾಯ, ನಿನ್ನ ಪ್ರೋಗ್ರಾಮಿಗೆ ಕೊಕ್ಕೊ ಅಂದರೆ ಗೊತ್ತೇ ಇಲ್ವಲ್ಲ!"

ಹೊಸ ಮಾಲು ಬಂದಾಗಲೆಲ್ಲ ಮೂಲ ಪ್ರೋಗ್ರಾಂ ಬಿಚ್ಚಿ ಕೂರುವುದು ನನಗೂ ಸಾಕಾಗಿತ್ತು. ಆಗ ಕೈಹಿಡಿದದ್ದು ಅಪಾಚೆ ಕಾಮನ್ಸ್ ಡೈಜೆಸ್ಟರ್ ಎಂಬ ಉಚಿತ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಸ್ಟ್ರಟ್ಸ್ ಎಂಬ ವೆಬ್ ಫ್ರೇಮ್‌ವರ್ಕಿನ ಒಳಗೆ ಹುಟ್ಟಿ, ಆಮೇಲೆ ಬೇರೆ ಮನೆ ಮಾಡಿದ್ದು ಇದು. ಮೂಲ ಪ್ರೋಗ್ರಾಂ ಮುಟ್ಟದೆ ಹೊಸ ತುಂಡು ಜೋಡಿಸುವ ಪ್ಲಗಿನ್ ಸೌಲಭ್ಯ ಬಂದದ್ದು ಅದರ 1.6ನೇ ಆವೃತ್ತಿಯಲ್ಲಿ. (ಡೈಜೆಸ್ಟರಿನ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.)

ಡೈಜೆಸ್ಟರ್ ಕೆಲಸ ಮಾಡುವ ರೀತಿ ಸುಲಭ. ಫೈಲನ್ನು ಮೇಲಿನಿಂದ ಕೆಳಗೆ ಒಂದೇ ಸಲ ಓದುತ್ತಾ ಹೋಗುತ್ತದೆ, ಹಿಂದೆ ತಿರುಗಿ ನೋಡುವುದಿಲ್ಲ. 'ಖರೀದಿ'ಯ ಒಳಗೆ 'ಮಾಲು' ಎಂಬ ಟ್ಯಾಗ್ ಸಿಕ್ಕಿದರೆ ಇಂಥ ಆಬ್ಜೆಕ್ಟ್ ಮಾಡು, ಮುಗಿದಾಗ ಅದನ್ನು ಖರೀದಿಗೆ ಸೇರಿಸು ಎಂದು ನಾವು ಮೊದಲೇ ನಿಯಮ ಹೇಳಿಟ್ಟಿರಬೇಕು. ಮಾಡಿದ ಆಬ್ಜೆಕ್ಟುಗಳನ್ನು ಅದು ಒಂದರ ಮೇಲೊಂದು ಪೇರಿಸಿಟ್ಟುಕೊಳ್ಳುತ್ತದೆ. ಮಾಮೂಲಿ ನಿಯಮದಲ್ಲಿ 'ಮಾಲು' ಎಂದರೆ ಯಾವ ಕ್ಲಾಸ್ (ಆಬ್ಜೆಕ್ಟ್ ಮಾಡುವ ಅಚ್ಚು) ಎಂದು ಕೋಡಿನಲ್ಲೇ ಬರೆದಿರುತ್ತೇವೆ. ಪ್ಲಗಿನ್ ನಿಯಮದಲ್ಲಿ ಆ ಜಾಗ ಖಾಲಿ. ಯಾವ ಕ್ಲಾಸ್ ಎಂದು ಫೈಲೇ ಹೇಳುತ್ತದೆ, ಆ ಕ್ಲಾಸ್ ತನ್ನ ನಿಯಮವನ್ನು ತಾನೇ ಹೊತ್ತು ತರುತ್ತದೆ.

ಮೊದಲ ಹೆಜ್ಜೆ: ಡೈಜೆಸ್ಟರ್ ಆಬ್ಜೆಕ್ಟ್ ಮಾಡಿದ ಕೂಡಲೇ ಸೆಟ್‌ರೂಲ್ಸ್ ಮೂಲಕ ಅದಕ್ಕೆ ಪ್ಲಗಿನ್‌ರೂಲ್ಸ್ ಎಂಬ ನಿಯಮದ ಪೆಟ್ಟಿಗೆ ಕೊಡಿ. ಬೇರೆ ಯಾವ ನಿಯಮ ಸೇರಿಸುವುದಿದ್ದರೂ ಇದಾದ ಮೇಲೆ. ಇದನ್ನು ಕೊನೆಗೆ ಬರೆದರೆ ಅದಕ್ಕಿಂತ ಮೊದಲು ಸೇರಿಸಿದ್ದೆಲ್ಲ ಹಳೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಎರರ್ ಕೂಡ ಬರುವುದಿಲ್ಲ. ಓದಿ ಮುಗಿದಾಗ ಕೈಗೆ ಸಿಗುವುದು ಸುಮ್ನೆ ಒಂದು ನಲ್, ಅಂದರೆ ಏನೂ ಇಲ್ಲ.

ಎರಡನೆಯದು, ಎಲ್ಲ ಮಾಲಿಗೂ ಸಾಮಾನ್ಯವಾದ ಒಂದು ತಾಯಿ ಕ್ಲಾಸ್. ನಮ್ಮದರಲ್ಲಿ 'ಮೊತ್ತ ಹೇಳು' ಎಂಬ ಒಂದೇ ಮೆಥಡ್ (ಕ್ಲಾಸ್ ಮಾಡಿಕೊಡುವ ಕೆಲಸ) ಇದೆ. ಅಡಿಕೆ, ಮೆಣಸು, ಕೊಕ್ಕೊ ಎಲ್ಲವೂ ಇದರ ಮಕ್ಕಳು. ಮಕ್ಕಳ ಕ್ಲಾಸ್ ಪಬ್ಲಿಕ್ ಆಗಿರಲಿ, ಆಬ್ಜೆಕ್ಟ್ ಹುಟ್ಟಿಸುವಾಗ ಏನೂ ಕೇಳದ ಕನ್‌ಸ್ಟ್ರಕ್ಟರ್ ಒಂದಿರಲಿ.

ಮೂರನೆಯದು, 'ಖರೀದಿ/ಮಾಲು' ಎಂಬ ದಾರಿಗೆ ಪ್ಲಗಿನ್‌ಕ್ರಿಯೇಟ್‌ರೂಲ್ ಸೇರಿಸಿ, ಅದಕ್ಕೆ ತಾಯಿ ಕ್ಲಾಸಿನ ಹೆಸರು ಕೊಡಿ. ಬೇಕಾದರೆ ಇನ್ನೊಂದು ಕ್ಲಾಸನ್ನೂ ಕೊಡಬಹುದು. ಫೈಲಿನಲ್ಲಿ ಏನೂ ಹೇಳದಿದ್ದರೆ ಅದನ್ನೇ ಬಳಸುತ್ತದೆ. ನಾನು ಅಲ್ಲಿ ಅಡಿಕೆ ಇಟ್ಟಿದ್ದೇನೆ. ನಮ್ಮ ಕಡೆ ಅದೇ ಜಾಸ್ತಿ ಅಲ್ವಾ?

ಇನ್ನು ಫೈಲಿನ ಕೆಲಸ. 'ಮಾಲು' ಟ್ಯಾಗಿಗೆ ಪ್ಲಗಿನ್-ಕ್ಲಾಸ್ ಎಂಬ ಆಟ್ರಿಬ್ಯೂಟ್ (ಟ್ಯಾಗಿನೊಳಗೇ ಬರೆಯುವ ವಿವರ) ಹಾಕಿ ಕ್ಲಾಸಿನ ಪೂರ್ತಿ ಹೆಸರು ಬರೆಯಬಹುದು. ಆದರೆ ದಿನಾ ಅಷ್ಟುದ್ದ ಯಾರು ಬರೆಯುತ್ತಾರೆ? ಫೈಲಿನ ತಲೆಯಲ್ಲೇ ಪ್ಲಗಿನ್‌ಗಳ ಪಟ್ಟಿ ಹಾಕಿ, ಪ್ರತಿಯೊಂದಕ್ಕೂ ಒಂದು ಐಡಿ, ಒಂದು ಕ್ಲಾಸ್ ಹೇಳಿಬಿಡಿ. ಆ ಪಟ್ಟಿಯ ದಾರಿಗೆ ಪ್ಲಗಿನ್‌ಡಿಕ್ಲರೇಶನ್‌ರೂಲ್ ಸೇರಿಸಿ. ಆಮೇಲೆ 'ಮಾಲು' ಟ್ಯಾಗಿನಲ್ಲಿ ಪ್ಲಗಿನ್-ಐಡಿ ಎಂದು ಕೊಕ್ಕೊದ ಐಡಿ ಬರೆದರೆ ಸಾಕು. ಪಟ್ಟಿ ಮೇಲೆಯೇ ಇರಬೇಕು, ಯಾಕೆಂದರೆ ಮೊದಲೇ ಹೇಳಿದ ಹಾಗೆ ಅದು ಹಿಂದೆ ತಿರುಗಿ ನೋಡುವುದಿಲ್ಲ.

ಈಗ ನಾನು ಎಡವಿದ ಜಾಗ. ಕ್ಲಾಸಿನ ನಿಯಮ ಎಲ್ಲಿದೆ ಎಂದು ಡೈಜೆಸ್ಟರ್ ಒಂದು ಕ್ರಮದಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿ ನಿಯಮ ಇರುವ ಫೈಲು, ರಿಸೋರ್ಸ್, ನಿಯಮದ ಕ್ಲಾಸ್ ಅಥವಾ ಮೆಥಡ್ ಹೆಸರಿಸಿದ್ದೀರಾ ಎಂದು ಮೊದಲು ನೋಡುತ್ತದೆ. ಇಲ್ಲದಿದ್ದರೆ ಆ ಕ್ಲಾಸಿನೊಳಗೇ ಆಡ್‌ರೂಲ್ಸ್ ಎಂಬ ಸ್ಟ್ಯಾಟಿಕ್ ಮೆಥಡ್ ಉಂಟಾ ಎಂದು ನೋಡುತ್ತದೆ. ಅದೂ ಇಲ್ಲವಾದರೆ ಕ್ಲಾಸಿನ ಹೆಸರಿಗೆ ರೂಲ್‌ಇನ್ಫೋ ಎಂಬ ಬಾಲ ಸೇರಿಸಿದ ಕ್ಲಾಸನ್ನೋ ಎಕ್ಸ್‌ಎಂಎಲ್ ಫೈಲನ್ನೋ ಹುಡುಕುತ್ತದೆ. ಯಾವುದೂ ಸಿಗದಿದ್ದರೆ ಟ್ಯಾಗಿನ ಆಟ್ರಿಬ್ಯೂಟುಗಳನ್ನು ಅದೇ ಹೆಸರಿನ ಪ್ರಾಪರ್ಟಿಗಳಿಗೆ ತುಂಬಿಸಿ ಕೈತೊಳೆಯುತ್ತದೆ. ಒಂದು ಕಡೆ ಸಿಕ್ಕಿತೋ, ಮುಂದಕ್ಕೆ ಹೋಗುವುದಿಲ್ಲ.

ಮೆಣಸಿಗೆ ಮೊದಲು ನಿಯಮವೇ ಬರೆದಿರಲಿಲ್ಲ. ತೂಕ, ದರ ತನ್ನಷ್ಟಕ್ಕೆ ತುಂಬುತ್ತಿತ್ತು. ತೇವದ ಲೆಕ್ಕಕ್ಕೆಂದು ಒಳಗೆ ಇನ್ನೊಂದು ಟ್ಯಾಗ್ ಬೇಕಾಯಿತು, ಅದಕ್ಕಾಗಿ ಆಡ್‌ರೂಲ್ಸ್ ಬರೆದೆ. ಆ ಸಂಜೆ ಮೆಣಸಿನ ಬಿಲ್ಲೆಲ್ಲ ಸೊನ್ನೆ ರೂಪಾಯಿ! ಆಡ್‌ರೂಲ್ಸ್ ಸಿಕ್ಕಿದ್ದರಿಂದ ಕೊನೆಯ ಉಪಾಯದವರೆಗೆ ಅದು ಹೋಗಲೇ ಇಲ್ಲ, ತೂಕ ತುಂಬಲೇ ಇಲ್ಲ. ಆಡ್‌ರೂಲ್ಸ್ ಬರೆದರೆ ಅದರ ಮೊದಲ ಸಾಲಿನಲ್ಲೇ ಆಡ್‌ಸೆಟ್‌ಪ್ರಾಪರ್ಟೀಸ್ ಕರೆಯಿರಿ. ಆ ಮೆಥಡ್‌ಗೆ ಡೈಜೆಸ್ಟರ್ ಜೊತೆ ಒಂದು ದಾರಿಯೂ ಬರುತ್ತದೆ. ನಿಮ್ಮ ಎಲ್ಲ ನಿಯಮವೂ ಆ ದಾರಿಯಿಂದಲೇ ಶುರುವಾಗಲಿ. ಇನ್ನೊಂದು: ಆಟ್ರಿಬ್ಯೂಟಿನ ಕಾಗುಣಿತ ತಪ್ಪಿದರೂ ಅದು ತುಟಿ ಬಿಚ್ಚುವುದಿಲ್ಲ. ಹಾಗಾಗಿ ಮೊತ್ತ ಸೊನ್ನೆ ಬಂದರೆ ಪ್ರೋಗ್ರಾಂ ನಿಲ್ಲುವ ಹಾಗೆ ನೀವೇ ಒಂದು ಸಾಲು ಬರೆದಿಡಿ.

ಟ್ಯಾಗುಗಳನ್ನು ಕನ್ನಡದಲ್ಲೇ ಇಟ್ಟದ್ದು ಭಾವನಿಗಾಗಿ. ಎಕ್ಸ್‌ಎಂಎಲ್ ಅದಕ್ಕೆ ಮೊದಲಿನಿಂದಲೂ ಅವಕಾಶ ಕೊಡುತ್ತದೆ, ಫೈಲು ಯುಟಿಎಫ್-8ರಲ್ಲಿ ಇದ್ದರಾಯಿತು. ಆದರೆ 'ಸ್ಕ್ರಾಪ್‌ರಬ್ಬರ್' ಎಂಬಂಥ ಹೆಸರಿನ ನಡುವೆ ಅಕ್ಷರ ಬಿಡಿಸಲು ನಾವು ಒತ್ತುವ ಕಣ್ಣಿಗೆ ಕಾಣದ ಗುರುತು ಇರುತ್ತದಲ್ಲ, ಅದನ್ನು ಜಾವಾದ ಜೊತೆಗೆ ಬರುವ ಪಾರ್ಸರ್ (ಫೈಲು ಓದುವ ಭಾಗ) ಟ್ಯಾಗಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಅಂಥ ಹೆಸರೇ ಬೇಡ.

ಒಂದು ಎಚ್ಚರಿಕೆ. ಯಾವ ಕ್ಲಾಸ್ ಲೋಡ್ ಆಗಬೇಕು ಎಂದು ಫೈಲು ಹೇಳುತ್ತದೆ ಎಂದರೆ ಫೈಲು ಬರೆದವರ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಹೊರಗಿನವರು ಕಳಿಸಿದ ಫೈಲನ್ನು ಈ ರೀತಿ ಓದಬೇಡಿ. ಹೊರಗಿನ ಫೈಲುಗಳನ್ನು ಎಳೆದು ತರಬಲ್ಲ ಡಾಕ್‌ಟೈಪ್ ಸಾಲು ಇರುವ ಫೈಲನ್ನು ತಿರಸ್ಕರಿಸುವಂತೆ ಪಾರ್ಸರಿಗೆ ಹೇಳಿಡುವುದೂ ಒಳ್ಳೆಯದು.

ಕೊನೆಗೆ, ಹೊಸ ಕ್ಲಾಸನ್ನು ಕಟ್ಟಿಟ್ಟ ಜಾರ್ ಫೈಲು, ಜಾವಾ ಕ್ಲಾಸುಗಳನ್ನು ಹುಡುಕುವ ಜಾಗವಾದ ಪ್ರೋಗ್ರಾಮಿನ ಕ್ಲಾಸ್‌ಪಾತಿನಲ್ಲಿ ಇರಬೇಕು. ಬೇರೆ ಲೋಡರ್ ಬಳಸುವುದಾದರೆ ಸೆಟ್‌ಕ್ಲಾಸ್‌ಲೋಡರ್ ಮೂಲಕ ಡೈಜೆಸ್ಟರಿಗೆ ತಿಳಿಸಿ. ಮೊನ್ನೆ ಭಾವ ಗೇರುಬೀಜವನ್ನೂ ಶುರು ಮಾಡಿದರು. ಒಂದು ಜಾರ್ ಕಳಿಸಿದೆ, ಪಟ್ಟಿಗೆ ಸೇರಿಸಲು ಒಂದು ಸಾಲು ಫೋನಿನಲ್ಲೇ ಹೇಳಿದೆ. "ಇಷ್ಟೇಯಾ?" ಎಂದು ಕೇಳಿ, ಅವರು ತಕ್ಕಡಿ ಹತ್ತಿರ ಹೋದರು.