ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಗಾಡಿ ಜೋಡಿಸಿಕೊಂಡಿದ್ದು

ಎಲೆಕ್ಟ್ರಿಷಿಯನ್‌ನನ್ನು ಜನ ಕರೆಯುವುದೇ ಮನೆಯಲ್ಲಿ ಕರೆಂಟ್ ಹೋದಾಗ. ಹಾಗಾಗಿ ನಾನು ಹೋಗಿ ನಿಲ್ಲುವ ಕಡೆ ಎಷ್ಟೋ ಸಲ ಬೆಳಕೇ ಇರುವುದಿಲ್ಲ. ಮೇ ತಿಂಗಳ ಸಂಜೆ ಮೈಸೂರಿನಲ್ಲಿ ಗಾಳಿ ಮಳೆ ಬಂತು ಅಂದರೆ ಬೀದಿದೀಪವೂ ಇಲ್ಲ. ಗಾಡಿ ಜೋಡಿಸುವಾಗ ಇದನ್ನೇ ಮೊದಲು ಯೋಚಿಸಬೇಕಿತ್ತು. ನಾನು ಯೋಚಿಸಿದ್ದು ಒಂದು ತಪ್ಪು ಆದಮೇಲೆ.

ಅದಕ್ಕೆ ಮುಂಚೆ ಹನ್ನೊಂದು ವರ್ಷ ಟಿವಿಎಸ್ ಎಕ್ಸ್‌ಎಲ್‌ನಲ್ಲೇ ಕೆಲಸ ಮಾಡಿದೆ. ಕಾಲ ಬಳಿ ಡ್ರಿಲ್ಲಿಂಗ್ ಮೆಷಿನ್, ಹಿಂದೆ ಚೀಲ, ಹ್ಯಾಂಡಲ್‌ಗೆ ವೈರಿನ ಸುರುಳಿ. ಬೋಗಾದಿಯಲ್ಲಿ ಸ್ವಿಚ್ ಬೋರ್ಡ್ ಬಿಚ್ಚಿದ ಮೇಲೆ ಒಂದು ಸಾಕೆಟ್ ಇಲ್ಲ ಅಂತ ಗೊತ್ತಾದರೆ ಮತ್ತೆ ಅಂಗಡಿಗೆ ಓಟ. ವಾಪಸ್ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮನೆಯವರು ಕೆಲಸದ ಕೂಲಿ ಕೊಡುತ್ತಾರೆ, ಓಡಾಟದ ಕೂಲಿ ಯಾರು ಕೊಡುತ್ತಾರೆ?

ಮಾರುತಿ ಓಮ್ನಿ ವ್ಯಾನ್ ತಗೋಬೇಕು ಅಂತ ಆಸೆ ಇತ್ತು. ಆದರೆ ಅದರ ತಯಾರಿಕೆ 2019ರಲ್ಲೇ ನಿಂತಿತ್ತು. ನೋಡಿದ ಹಳೇ ಗಾಡಿಗಳಲ್ಲಿ ತಳ ತುಕ್ಕು ಹಿಡಿದಿತ್ತು. ಕೊನೆಗೆ ಸೆಕೆಂಡ್ ಹ್ಯಾಂಡ್ ಈಕೋ ಕಾರ್ಗೋ ತಗೊಂಡೆ, ಹಿಂದೆ ಸೀಟಿಲ್ಲದೆ ಸಾಮಾನಿಗೇ ಇರುವ ವ್ಯಾನ್. ಐದು ಸೀಟಿನ ಗಾಡಿ ತಗೊಂಡು ಸೀಟು ಕಿತ್ತುಹಾಕು ಅಂತ ಕೆಲವರು ಹೇಳಿದರು. ಅದು ಬೇಡ. ಆರ್‌ಸಿಯಲ್ಲಿ ಇರುವುದೊಂದು, ಗಾಡಿಯಲ್ಲಿ ಇರುವುದೊಂದು ಆಗುತ್ತದೆ. ಕಾರ್ಗೋ ಆದರೆ ಹಳದಿ ಬೋರ್ಡ್. ಎಂಟು ವರ್ಷ ದಾಟಿದರೆ ವರ್ಷ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಬೇಕು. ಖರ್ಚು ಇದೆ, ಆದರೆ ನೆಮ್ಮದಿ ಇದೆ.

ಈಕೋದ ಅಗಲ ಒಂದೂವರೆ ಮೀಟರಿಗಿಂತ ಸ್ವಲ್ಪ ಕಮ್ಮಿ. ಅಗ್ರಹಾರದ ಒಳಬೀದಿಗಳಲ್ಲೂ ನುಗ್ಗುತ್ತದೆ. ಪಕ್ಕದ ಬಾಗಿಲು ಜಾರುತ್ತದೆ, ಆದ್ದರಿಂದ ಕಾಂಪೌಂಡ್‌ಗೆ ಒತ್ತಿ ನಿಲ್ಲಿಸಿದರೂ ಸಾಮಾನು ತೆಗೆಯಬಹುದು. ಹಿಂದಿನ ಬಾಗಿಲು ಮೇಲಕ್ಕೆ ಏಳುತ್ತದೆ. ಮಳೆಯಲ್ಲಿ ಅದೇ ನಮಗೆ ಸೂರು.

ಮೊದಲು ಸುಮ್ನೆ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ತಂದು ಸಾಲಾಗಿ ಇಟ್ಟೆ. ರಿಂಗ್ ರೋಡಿನಲ್ಲಿ ಒಂದು ಸಲ ಜೋರಾಗಿ ಬ್ರೇಕ್ ಹಾಕಿದೆ. ಎಲ್ಲ ಕ್ರೇಟೂ ಜಾರಿಕೊಂಡು ಮುಂದೆ ಬಂತು, ಸ್ಕ್ರೂ, ಗೋಡೆಯ ತೂತಿಗೆ ಹಾಕುವ ಗಿಟ್ಟಿ, ಎಂಸಿಬಿ ಎಲ್ಲ ಒಂದಾಯಿತು. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್. ಅವತ್ತು ಆರಿಸಿ ಅಲ್ಲಲ್ಲೇ ತುಂಬಿದೆ. ಸರಿಯಾಗಿ ತುಂಬಿದೆ ಅಂತಲೇ ಅಂದುಕೊಂಡಿದ್ದೆ.

ಅದೇ ವಾರ ಕುವೆಂಪುನಗರದ ಒಂದು ಮನೆಯಿಂದ ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಗೀಸರ್ ಲೈನಿನ ಎಂಸಿಬಿ ಸುಟ್ಟಿತ್ತು. ಇಡೀ ಮನೆಯ ಮೇನ್ ಆಫ್ ಮಾಡಿ ಕೂತಿದ್ದರು. ಗಾಡಿಗೆ ಬಂದು ಡಬ್ಬಿಗೆ ಕೈ ಹಾಕಿ ಒಂದು ಎಂಸಿಬಿ ತಗೊಂಡೆ, ಹಾಕಿದೆ, ಮನೆಗೆ ಹೋದೆ. ಬೆಳಿಗ್ಗೆ ಐದಕ್ಕೆ ಎದ್ದು ಗಾಡಿಯ ಸಾಮಾನು ಎಣಿಸುತ್ತಿದ್ದೆ. ಗೀಸರಿಗೆ ಹಾಕಬೇಕಿದ್ದ 16 ಆಂಪಿಯರ್‌ದು ಎಷ್ಟಿತ್ತೋ ಅಷ್ಟೇ ಇದೆ. 32ರದು ಒಂದು ಇಲ್ಲ. ಎದೆ ಝಲ್ ಅಂತು.

ಎಂಸಿಬಿ ಎಲ್ಲ ಒಂದೇ ಗಾತ್ರ, ಒಂದೇ ಬಣ್ಣ. ಸಂಖ್ಯೆ ಮಾತ್ರ ಬೇರೆ, ಅದೂ ಸಣ್ಣಕ್ಷರ. ಗೋಡೆಯ ಪೈಪಿನೊಳಗೆ ಇರುವುದು 2.5 ಚದರ ಮಿಲಿಮೀಟರ್ ವೈರು. ಅದಕ್ಕೆ 32 ಹಾಕಿದರೆ, ವೈರು ಕಾದು ಕರಗಲು ಶುರುವಾದರೂ ಎಂಸಿಬಿ ಆಫ್ ಆಗದೇ ಇರಬಹುದು. 2 ಕಿಲೋವ್ಯಾಟ್ ಗೀಸರ್ ಎಳೆಯುವುದು 9 ಆಂಪಿಯರ್ ಆಸುಪಾಸು. ಅಂದರೆ ಗೀಸರ್ ಚೆನ್ನಾಗಿರುವ ತನಕ ತಪ್ಪು ಯಾರಿಗೂ ಗೊತ್ತಾಗುವುದೇ ಇಲ್ಲ. ನನಗೆ ಭಯ ಆಗಿದ್ದು ಅದಕ್ಕೇ. "ಅಮ್ಮಾ, ನಾನು ಬರೋ ತನಕ ಗೀಸರ್ ಹಾಕ್ಬೇಡಿ" ಅಂತ ಫೋನ್ ಮಾಡಿ ಓಡಿದೆ. ತಪ್ಪು ಮಾಡಿದ್ದೇನೆ ಅಂತ ಹೇಳಿ ಬದಲಾಯಿಸಿ ಕೊಟ್ಟೆ. ಆ ಭಾನುವಾರವೇ ಗಾಡಿ ಪೂರ್ತಿ ಖಾಲಿ ಮಾಡಿದೆ.

ಹೊಸದಾಗಿ ಕಟ್ಟಿದ್ದು ಹೀಗೆ. ನೀರಿಗೆ ಹಾಳಾಗದ 12 ಮಿಲಿಮೀಟರ್ ಪ್ಲೈವುಡ್, 8 ಅಡಿಗೆ 4 ಅಡಿಯ ಎರಡು ಹಾಳೆ. ಒಂದು ತಳಕ್ಕೆ, ಒಂದು ಟ್ರೇಗಳಿಗೆ. ಎರಡೂ ಪಕ್ಕಕ್ಕೆ ಸಾಲಾಗಿ ತೂತಿರುವ ಕಬ್ಬಿಣದ ಪಟ್ಟಿ, ಅಂದರೆ ಸ್ಲಾಟೆಡ್ ಆಂಗಲ್‌ನ ರ್‍ಯಾಕ್, ಮಧ್ಯೆ ಒಬ್ಬ ಕೂತು ಕೈಚಾಚುವಷ್ಟು ಜಾಗ. ರ್‍ಯಾಕ್‌ಗೆ ಬೋಲ್ಟ್ ಹಾಕುವ ಮುಂಚೆ ಗಾಡಿಯ ಕೆಳಗೆ ಮಲಗಿ ನೋಡಬೇಕು. ಪೆಟ್ರೋಲ್ ಟ್ಯಾಂಕು, ಪೈಪು ಅಲ್ಲೇ ಇರುತ್ತವೆ. ಮೇಲಿಂದ ಅಂದಾಜಿನಲ್ಲಿ ಡ್ರಿಲ್ ಹೊಡೆಯಬಾರದು. ತೂತು ಮಾಡಿದ ಕಡೆ ಬಣ್ಣ ಬಳಿಯದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಬರುತ್ತದೆ.

ಭಾರದ್ದೆಲ್ಲ ಕೆಳಗೆ. 90 ಮೀಟರಿನ 2.5 ವೈರಿನ ಒಂದು ಸುರುಳಿಯಲ್ಲಿ ತಾಮ್ರವೇ 2 ಕೆಜಿ ಇರುತ್ತದೆ. ಕೆಂಪು, ಕಪ್ಪು, ಹಸಿರು ಅಂತ ಮೂರು ಬಣ್ಣ, ಜೊತೆಗೆ ಸುತ್ತಿಗೆ, ಹ್ಯಾಮರ್ ಡ್ರಿಲ್, ಗೋಡೆ ಕೊರೆಯುವ ಕಟ್ಟರ್. ಇವೆಲ್ಲ ಮೇಲಿನ ಹಲಗೆಯಲ್ಲಿದ್ದರೆ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಮೇಲಿನ ಹಲಗೆಗೆ ಬಲ್ಬ್, ಹೋಲ್ಡರ್, ಸೀಲಿಂಗ್ ರೋಸ್ ಸಾಕು.

ಟ್ರೇಗಳ ಅಂಚಿಗೆ ಗುಂಡುತಲೆಯ ಸ್ಕ್ರೂ ಹೊಡೆದಿದ್ದೇನೆ. ಕೈಗೆ ತಗಲುವ ಹಾಗೆ. ಒಂದು ಸ್ಕ್ರೂ ಇದ್ದರೆ 6 ಆಂಪಿಯರ್ ಎಂಸಿಬಿ, ಎರಡಿದ್ದರೆ 10, ಮೂರಿದ್ದರೆ 16. 20 ಮತ್ತು 32 ಆ ಸಾಲಿನಲ್ಲೇ ಇಲ್ಲ. ಎದುರಿನ ರ್‍ಯಾಕ್‌ನಲ್ಲಿ, ಮುಚ್ಚಳ ಇರುವ ಡಬ್ಬಿಯಲ್ಲಿ ಇವೆ. ಮುಚ್ಚಳ ತೆಗೆಯುವಾಗಲೇ ಒಂದು ಕ್ಷಣ ಯೋಚಿಸುತ್ತೇವಲ್ಲ, ಅದು ಬೇಕಾಗಿತ್ತು. ಕೈ ಹುಡುಕಿ ಕೊಡುತ್ತದೆ, ಆದರೂ ಹಾಕುವ ಮುಂಚೆ ಟಾರ್ಚ್ ಬೆಳಕು ಬಿಟ್ಟು ಸಂಖ್ಯೆ ಓದುತ್ತೇವೆ. ಫ್ಯಾನಿನ ಕಂಡೆನ್ಸರ್‌ಗೂ ಹೀಗೇ. 2.5 ಮೈಕ್ರೋಫ್ಯಾರಡ್‌ನದು ಒಂದು ಕಡೆ, 3.15ರದು ಇನ್ನೊಂದು ಕಡೆ. ಫ್ಯಾನ್ ಜೋರಾಗಿ ತಿರುಗಲಿ ಅಂತ ದೊಡ್ಡದು ಹಾಕುವವರು ಇದ್ದಾರೆ. ಅದರಿಂದ ಕಾಯಿಲ್ ಬಿಸಿಯಾಗುತ್ತದೆ. ಹಾಗೆ ಮಾಡಬೇಡಿ.

ಮನೆಯಿಂದ ಬಿಚ್ಚಿ ತಂದ ಹಳೇ ಸಾಮಾನಿಗೆ ಕೆಂಪು ಬಕೆಟ್ ಇದೆ. ಕೆಟ್ಟ ರೆಗ್ಯುಲೇಟರ್ ಹೊಸದರ ಜೊತೆ ಸೇರಿಬಿಟ್ಟರೆ ಇನ್ನೊಬ್ಬರ ಮನೆಯಲ್ಲಿ ಅರ್ಧ ಗಂಟೆ ಹಾಳು. ಬಕೆಟ್ ಹಿಂದಿನ ಬಾಗಿಲ ಹತ್ತಿರವೇ ಇರಬೇಕು. ಒಳಗಿಟ್ಟರೆ ಯಾರೂ ಅಷ್ಟು ದೂರ ಹೋಗಿ ಹಾಕುವುದಿಲ್ಲ.

ಬಿಸಿಲಿನ ಮಾತು ಯಾರೂ ಹೇಳಿಕೊಡಲಿಲ್ಲ. ಈಕೋದಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟಿನ ಹಿಂದೆ ಇನ್ಸುಲೇಷನ್ ಟೇಪ್ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಅಂಟೆಲ್ಲ ಕರಗಿ ಸುರುಳಿಗಳು ಒಂದಕ್ಕೊಂದು ಮೆತ್ತಿಕೊಂಡವು. ಪಿವಿಸಿ ಪೈಪಿನ ಅಂಟಂತೂ ಬೆಂಕಿ ಹಿಡಿಯುವ ಸಾಮಾನು. ಈಗ ಅದು ಹಿಂದಿನ ಬಾಗಿಲ ಪಕ್ಕ, ನೆರಳಿನ ಕಡೆ. ಡ್ರಿಲ್ಲಿನ ಬ್ಯಾಟರಿಗಳನ್ನು ಗಾಡಿಯಲ್ಲಿ ಬಿಡುವುದೇ ಇಲ್ಲ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಸೀಟಿನ ಪಕ್ಕ, ಇಳಿಯುವಾಗ ಕೈಗೆ ಸಿಗುವ ಹಾಗೆ.

ಮನೆಯೊಳಗೆ ಮೊದಲು ಹೋಗುವುದು ಒಂದು ಚೀಲ ಮಾತ್ರ. ಟೆಸ್ಟರ್, ಕ್ಲ್ಯಾಂಪ್ ಮೀಟರ್, ಕಟಿಂಗ್ ಪ್ಲೇಯರ್, ಎರಡು ಸ್ಕ್ರೂಡ್ರೈವರ್, ಟೇಪು, ತಲೆಗೆ ಕಟ್ಟುವ ಟಾರ್ಚು. ಏನು ಕೆಟ್ಟಿದೆ ಅಂತ ತಿಳಿದ ಮೇಲೆ ಗಾಡಿಗೆ ಒಂದೇ ಸಲ ಬಂದು ಬೇಕಾದ್ದೆಲ್ಲ ಒಯ್ಯುತ್ತೇವೆ. ದಸರಾ ಸಮಯದಲ್ಲಿ ಅರಮನೆ ಸುತ್ತಮುತ್ತ ಗಾಡಿ ಬಿಡುವುದಿಲ್ಲ. ಎಲ್ಲೋ ದೂರ ನಿಲ್ಲಿಸಿ ಈ ಚೀಲ ಹೊತ್ತು ನಡೆಯಬೇಕು. ಆಗ ಅದರ ಬೆಲೆ ಗೊತ್ತಾಗುತ್ತದೆ.

ಇಳಿಸಿಬಿಟ್ಟ ಸಾಮಾನೂ ಇದೆ. ವೈರು ಹಾಯಿಸುವ ಕಾಂಡ್ಯೂಟ್ ಪೈಪ್ 3 ಮೀಟರ್ ಉದ್ದ, ಗಾಡಿಯೊಳಗೆ ಹಿಡಿಯುವುದಿಲ್ಲ. ರಿಪೇರಿಗೆ ಅರ್ಧ ಕತ್ತರಿಸಿದ್ದು ಸಾಕು. ಇಡೀ ಮನೆಯ ವೈರಿಂಗ್ ಆದರೆ ಅಂಗಡಿಯವರೇ ತಂದು ಇಳಿಸುತ್ತಾರೆ. ಅಲ್ಯೂಮಿನಿಯಂ ಏಣಿ ಮಾರಿದೆ, ಅದರಲ್ಲಿ ಕರೆಂಟ್ ಹರಿಯುತ್ತದೆ. ಈಗ ಫೈಬರ್‌ದು, 5 ಅಡಿ. ಸರಸ್ವತಿಪುರಂ, ಕೃಷ್ಣಮೂರ್ತಿಪುರಂನಲ್ಲಿ ಎತ್ತರದ ಸೂರಿನ ಹಳೇ ಮನೆಗಳಿವೆ, ಅಲ್ಲಿಗೆ ಮಾತ್ರ ಉದ್ದದ್ದು ಬೇರೆ ಒಯ್ಯುತ್ತೇನೆ. ಕಂಬದ ಕೆಲಸದ ಸಾಮಾನು ಇಡುವುದೇ ಇಲ್ಲ. ಮೀಟರಿನ ಆಚೆಯ ಕೆಲಸ ವಿದ್ಯುತ್ ಕಂಪನಿ ಚೆಸ್ಕಾಂನವರದು. ಬಾಗಿಲಿಗೆ ಅವರ ದೂರಿನ ನಂಬರ್ 1912 ಅಂಟಿಸಿದ್ದೇನೆ, ಕೇಳಿದವರಿಗೆ ತೋರಿಸುತ್ತೇನೆ.

ಹಿಂದಿನ ಬಾಗಿಲಿಗೆ 12 ವೋಲ್ಟ್ ಎಲ್‌ಇಡಿ ಪಟ್ಟಿ ಹಾಕಿದ್ದೇನೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆ. ಆದರೂ ನನ್ನ ಅಕ್ಕನ ಮಗ ಕೆಲಸಕ್ಕೆ ಸೇರಿದಾಗ ಮೊದಲ ವಾರ ಆ ದೀಪ ಹಾಕಲು ಬಿಡಲಿಲ್ಲ. ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ ಒಂದೊಂದೇ ಕೇಳುತ್ತಿದ್ದೆ. ಮೊದಮೊದಲು "ಮಾವಾ, ಲೈಟ್ ಹಾಕ್ತೀನಿ" ಅನ್ನುತ್ತಿದ್ದ. ಹೋದ ತಿಂಗಳು ಹೂಟಗಳ್ಳಿಯಲ್ಲಿ ಮಳೆ ಸುರಿಯುತ್ತಿತ್ತು, ರಸ್ತೆಯೆಲ್ಲ ಕತ್ತಲು. ಮೆಟ್ಟಿಲ ಕೆಳಗಿನ ಬೋರ್ಡಿನ ಹತ್ತಿರ ಕೂತು "16 ಒಂದು ತಗೊಂಡು ಬಾ" ಅಂದೆ. ತಂದುಕೊಟ್ಟ. ನಾನು ಟಾರ್ಚ್ ಬೆಳಕು ಬಿಟ್ಟು ಸಂಖ್ಯೆ ಓದಿದೆ. ನನ್ನ ಜೊತೆ ಅವನೂ ಬಗ್ಗಿ ಓದಿದ.