ಗೋಡೆ ಒಡೆಯದೆ ಬೆಡ್‌ರೂಮ್ ಸಾಕೆಟ್‌ಗೆ ಡಯಲ್ ಟೋನ್ ತಂದಿದ್ದು

ಬಾಡಿಗೆ ಫ್ಲ್ಯಾಟಿನ ಬೆಡ್‌ರೂಮಿನಲ್ಲಿ ಟೆಲಿಫೋನ್ ಸಾಕೆಟ್ ಇದೆ, ಟೋನ್ ಇಲ್ಲ. ಇದಕ್ಕೆ ಎಲ್ಲರ ಹತ್ತಿರವೂ ಒಂದೇ ಉತ್ತರ: ಒಳಗೆ ವೈರ್ ಕಟ್ಟಾಗಿದೆ, ಬಿಟ್ಟುಬಿಡಿ. ನನಗೂ ಹಾಗೇ ಹೇಳಿದರು. ನೋಡಲು ಬಂದ ಎಲೆಕ್ಟ್ರಿಷಿಯನ್ ಗೋಡೆ ಒಡೆದು ಹೊಸ ಪೈಪ್ ಹಾಕಬೇಕು ಅಂದರು. ಅವರು ಹೇಳಿದ ರೇಟು ಹೆಚ್ಚುಕಡಿಮೆ ಅರ್ಧ ತಿಂಗಳ ಬಾಡಿಗೆ, ಮೇಲೆ ಪೇಂಟ್ ಖರ್ಚು ಬೇರೆ. ಈಗ ಅದೇ ಸಾಕೆಟ್‌ನಲ್ಲಿ ಫೋನ್ ಜೋರಾಗಿ ರಿಂಗಾಗುತ್ತಿದೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿಲ್ಲ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅನ್ನುವವರಿಗೆ: ನಮ್ಮ ಬೆಡ್‌ರೂಮಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಇಂಟರ್ನೆಟ್ ಜೊತೆ ಲ್ಯಾಂಡ್‌ಲೈನ್ ಹೇಗೂ ಬಂದಿದೆ, ಹಾಲ್‌ನಲ್ಲಿರುವ ರೂಟರ್‌ನ ಫೋನ್ ಪೋರ್ಟ್ ಸುಮ್ನೆ ಖಾಲಿ ಕೂತಿತ್ತು.

ಮೊದಲು ಅಡ್ಡದಾರಿಗಳೇ. ಚಪ್ಪಟೆ ಕೇಬಲ್ ತಂದು ಬಾಗಿಲ ಸಂದಿನಲ್ಲಿ ಎಳೆದೆ. ಬಾಗಿಲು ಹಾಕಿ ತೆಗೆದು ಕೆಲವೇ ವಾರದಲ್ಲಿ ಅದು ನಜ್ಜುಗುಜ್ಜಾಗಿ ಕರಕರ ಶಬ್ದ ಶುರುವಾಯಿತು. ಆಮೇಲೆ ಕರೆಂಟ್ ಪ್ಲಗ್ ಮೂಲಕವೇ ಫೋನ್ ಸಿಗ್ನಲ್ ಕಳಿಸುವ ಜೋಡಿ ಡಬ್ಬಿ ತಂದೆ. ಮಾತು ಕೇಳಿಸುತ್ತಿತ್ತು, ಜೊತೆಗೆ ಫ್ರಿಜ್ ಆನ್ ಆಗುವುದೂ ಕೇಳಿಸುತ್ತಿತ್ತು. ಅದನ್ನು ಅರ್ಧ ಬೆಲೆಗೆ ಮಾರಿದೆ. ಕಾರ್ಡ್‌ಲೆಸ್ ಪರವಾಗಿರಲಿಲ್ಲ, ಆದರೆ ಬೇಸ್‌ಗೆ ಕರೆಂಟ್ ಇಲ್ಲದಿದ್ದರೆ ಅದೂ ಸುಮ್ಮನಾಗುತ್ತದೆ. ರೂಟರ್‌ಗೆ ಸಣ್ಣ ಯುಪಿಎಸ್ ಇಟ್ಟಿದ್ದೇನೆ, ವೈರ್ ಫೋನಾದರೆ ಅದರಿಂದಲೇ ನಡೆಯುತ್ತದೆ, ಕಾರ್ಡ್‌ಲೆಸ್‌ಗೆ ಇನ್ನೊಂದು ಯುಪಿಎಸ್ ಯಾರು ಕೊಡುತ್ತಾರೆ? ಇಷ್ಟಕ್ಕೆಲ್ಲ ಕಳೆದ ದುಡ್ಡು ಒಟ್ಟು ಮಾಡಿದರೆ, ಕೊನೆಗೆ ಕೆಲಸ ಮಾಡಿದ ದಾರಿಗೆ ಆದ ಖರ್ಚಿನ ಐದಾರು ಪಟ್ಟು ಬರುತ್ತದೆ.

ಆ ದಾರಿ ಇಷ್ಟೇ: ರೂಟರ್‌ನ ಫೋನ್ ಪೋರ್ಟ್‌ನಿಂದ ಹಾಲ್ ಸಾಕೆಟ್‌ಗೆ ಒಂದು ಕಾರ್ಡ್ (ಎರಡೂ ತುದಿಯಲ್ಲಿ ಪ್ಲಗ್ ಇರುವ ಫೋನ್ ವೈರ್) ಹಾಕಿ, ಮನೆಯ ಹಳೆ ವೈರಿಂಗ್‌ಗೆ ಒಳಗಿನಿಂದಲೇ ಲೈನ್ ಕೊಡುವುದು. ಇದಕ್ಕೂ ಮೊದಲು ಹೊರಗಿಂದ ಬರುವ ಹಳೆ ತಾಮ್ರದ ಜೋಡಿಯನ್ನು (ಒಂದಕ್ಕೊಂದು ಹೆಣೆದ ಎರಡು ಎಳೆ) ಬಿಡಿಸಿ ತುದಿ ಮುಚ್ಚಲೇಬೇಕು. ಆ ಕಡೆಯಿಂದ ಇನ್ನೂ 48 ವೋಲ್ಟ್ ಬರುತ್ತಿದ್ದರೆ ರೂಟರ್ ಪೋರ್ಟ್ ಸುಟ್ಟೇ ಹೋಗಬಹುದು. ಮಲ್ಟಿಮೀಟರ್ ಇಟ್ಟು ನೋಡದೆ ಸೇರಿಸಬೇಡಿ. ನಿಮ್ಮಲ್ಲಿ ಇಂಟರ್ನೆಟ್ಟೇ ಆ ತಾಮ್ರದಲ್ಲಿ ಬರುತ್ತಿದ್ದರೆ ಈ ದಾರಿ ನಿಮಗಲ್ಲ.

ಹಾಲ್ ಸಾಕೆಟ್‌ನಲ್ಲಿ ಟೋನ್ ಬಂತು. ಬೆಡ್‌ರೂಮಿನಲ್ಲಿ ಶೂನ್ಯ. ಎಲೆಕ್ಟ್ರಿಷಿಯನ್ ಎರಡೂ ಕಡೆ ನೀಲಿ ಜೋಡಿಯನ್ನೇ ಹಿಡಿದು ಕಂಟಿನ್ಯುಟಿ (ವೈರ್ ಎಲ್ಲೂ ತುಂಡಾಗದೆ ಸೇರಿದೆಯೇ ಅಂತ) ನೋಡಿದ್ದರು, ಬೀಪ್ ಬರಲಿಲ್ಲ, ವೈರ್ ಕಟ್ ಅಂದುಬಿಟ್ಟರು. ನಾನು ಕಾರ್ಡ್ ಕಿತ್ತು, ಬೆಡ್‌ರೂಮಿನ ಕೊನೆಯಲ್ಲಿ ನಾಲ್ಕೂ ಎಳೆ ಸುಲಿದು ಒಟ್ಟಿಗೆ ತಿರುಚಿದೆ. ಹಾಲ್‌ಗೆ ಬಂದು ಎರಡೆರಡು ಎಳೆ ಹಿಡಿದು ಅಳೆದೆ. ನೀಲಿ ಜೋಡಿ ನಿಜಕ್ಕೂ ಓಪನ್, ಅಂದರೆ ಆ ಕಡೆ ತಲುಪುತ್ತಲೇ ಇಲ್ಲ. ಆದರೆ ಯಾರೂ ಮುಟ್ಟದೆ ಹಿಂದಕ್ಕೆ ಮಡಚಿಟ್ಟಿದ್ದ ಕಿತ್ತಳೆ ಜೋಡಿಯಲ್ಲಿ ಸುಮಾರು ನಾನೂರು ಓಮ್ ತಡೆ (ರೆಸಿಸ್ಟೆನ್ಸ್) ತೋರಿಸಿತು, ಅದೂ ಒಂದು ಕಡೆ ನಿಲ್ಲದೆ ಕುಣಿಯುತ್ತಿತ್ತು. ಒಂದೊಂದೇ ಎಳೆ ಬಿಡಿಸಿ ನೋಡಿದರೆ ಹಾಲ್‌ನ ಕಿತ್ತಳೆ ಬೆಡ್‌ರೂಮಿನಲ್ಲಿ ನೀಲಿಯಾಗಿ ಹೊರಗೆ ಬರುತ್ತಿದೆ! ಬಣ್ಣ ಬದಲಾಗಿದೆ ಅಂದರೆ ನಡುವೆ ಎಲ್ಲೋ ಜಾಯಿಂಟ್ ಇದೆ, ಓಮ್ ಕುಣಿಯುತ್ತಿದೆ ಅಂದರೆ ಆ ಜಾಯಿಂಟ್ ತುಕ್ಕು ಹಿಡಿದಿದೆ. ಗೋಡೆಯೊಳಗಿನ ವೈರ್‌ಗೆ ಏನೂ ಆಗಿಲ್ಲ. 0.5 ಮಿ.ಮೀ. ತಾಮ್ರ ಇಪ್ಪತ್ತು ಮೀಟರ್ ಇದ್ದರೆ ಹೋಗಿ ಬಂದು ಮೂರೂವರೆ ಓಮ್ ಇರಬೇಕು ಅಷ್ಟೇ, ನಾನೂರು ಎಲ್ಲಿಂದ ಬಂತು?

ಗೆಳೆಯನ ಹತ್ತಿರ ಟೋನರ್ (ವೈರ್‌ಗೆ ಸದ್ದು ಹಾಕಿ, ಪ್ರೋಬ್ ಹಿಡಿದು ಅದು ಎಲ್ಲಿ ಹೋಗುತ್ತದೆ ಅಂತ ಹುಡುಕುವ ಸಾಧನ) ಇತ್ತು, ಎರವಲು ತಂದೆ. ಹಾಲ್‌ನ ನೀಲಿ ಜೋಡಿಗೆ ಟೋನ್ ಹಾಕಿ ಪ್ರೋಬ್ ಹಿಡಿದು ಗೋಡೆ ಉದ್ದಕ್ಕೂ ನಡೆದೆ. ನೀಲಿ ಜೋಡಿ ಆ ಜಾಯಿಂಟ್‌ನಲ್ಲೇ ಮುಗಿಯುತ್ತದೆ, ಹಾಗಾಗಿ ಸದ್ದು ಎಲ್ಲಿ ನಿಲ್ಲುತ್ತದೋ ಅಲ್ಲೇ ನಮ್ಮ ಕಳ್ಳ. ಅದು ನಿಂತಿದ್ದು ಗೋಡೆಗೆ ಕೂರಿಸಿದ ವಾರ್ಡ್‌ರೋಬ್ ಹಿಂದೆ. ಅದನ್ನು ಕದಲಿಸದೆ, ಮಾಲೀಕರ ಕಣ್ಣಿಗೆ ಬೀಳುವ ಗುರುತು ಉಳಿಸದೆ ಹಿಂದೆ ಜಾಯಿಂಟ್ ಮುಚ್ಚಿದ್ದ ಪ್ಲೇಟ್‌ಗೆ ಹೇಗೆ ಕೈ ಹಾಕಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪ್ಲೇಟ್ ಮೇಲೆ ಎರಡು ಮೂರು ಸಲ ಪೇಂಟ್ ಹೊಡೆದಿದ್ದರು. ಸ್ಕ್ರೂ ತಿರುಗಿಸುವ ಮೊದಲು ಅಂಚಿನ ಸುತ್ತ ಬ್ಲೇಡ್ ಎಳೆದರೆ ಗೋಡೆಯ ಪೇಂಟ್ ಕಿತ್ತು ಬರುವುದಿಲ್ಲ.

ಒಳಗೆ ನೋಡಿದರೆ ನಗು ಬಂತು. ಬರೀ ಕೈಯಲ್ಲಿ ತಿರುಚಿದ ವೈರ್, ಮೇಲೆ ಒಣಗಿ ಪುಡಿಯಾದ ಟೇಪು, ತಾಮ್ರವೆಲ್ಲ ಹಸಿರು. ಎರಡೂ ಕಡೆ ಒಂದಿಷ್ಟು ಕತ್ತರಿಸಿ, ನೀಲಿಗೆ ನೀಲಿ, ಬಿಳಿ-ನೀಲಿಗೆ ಬಿಳಿ-ನೀಲಿ ಸೇರಿಸಿ ಜೆಲ್ ಕನೆಕ್ಟರ್ (ತೇವ ತಡೆಯುವ ಜೆಲ್ ತುಂಬಿದ ಪುಟ್ಟ ಕ್ಯಾಪ್) ಒತ್ತಿದೆ. ಓಮ್ ನಾಲ್ಕರ ಹತ್ತಿರಕ್ಕೆ ಇಳಿಯಿತು. ಈ ಕೆಲಸ ಮಾಡುವಾಗ ರೂಟರ್ ಆಫ್ ಇರಲಿ. 48 ವೋಲ್ಟ್ ಡಿಸಿ ಏನೂ ಮಾಡದಿರಬಹುದು, ಆದರೆ ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗ್ ವೋಲ್ಟೇಜ್ ಎಪ್ಪತ್ತೆಂಬತ್ತು ವೋಲ್ಟ್ ಎಸಿ, ಚುರ್ ಅನಿಸುತ್ತದೆ.

ಟೋನ್ ಬಂತು, ಮಾತು ಸ್ಪಷ್ಟ, ರಿಂಗ್ ಮಾತ್ರ ಸೊರಗಿತ್ತು. ಹಾಲ್‌ನಲ್ಲಿ ನಿಜವಾದ ಗಂಟೆ ಇರುವ ಹಳೆ ಫೋನ್ ಇಟ್ಟಿದ್ದೆ, ಅದೊಂದೇ ಪೋರ್ಟ್‌ನ ಶಕ್ತಿಯನ್ನೆಲ್ಲ ತಿನ್ನುತ್ತಿತ್ತು. ಅದನ್ನು ತೆಗೆದು ಎಲೆಕ್ಟ್ರಾನಿಕ್ ರಿಂಗರ್ ಇರುವುದನ್ನು ಹಾಕಿದ ಮೇಲೆ ಎರಡೂ ಜೋರಾಗಿ ಬಡಿಯುತ್ತವೆ. ಆಮೇಲೆ ಕಿತ್ತಳೆ ಜೋಡಿಯನ್ನೂ ಜಾಯಿಂಟ್‌ನಲ್ಲಿ ಸೇರಿಸಿ, ಬೇಕಂತಲೇ ಒಂದು ನೀಲಿ ಎಳೆ, ಒಂದು ಕಿತ್ತಳೆ ಎಳೆ ಹಿಡಿದು ಲೈನ್ ಕೊಟ್ಟೂ ನೋಡಿದೆ. ಟೋನ್ ಬರುತ್ತದೆ, ಆದರೆ ಗುಂಯ್ ಅನ್ನುವ ಸದ್ದು ಜೊತೆಗೇ ಬರುತ್ತದೆ. ಜೋಡಿಯ ಹೆಣಿಗೆ ಇರುವುದೇ ಅದನ್ನು ತಡೆಯಲು ಅಲ್ವಾ?

ಕಿತ್ತಳೆ ಜೋಡಿ ಪೂರ್ತಿ ಖಾಲಿ ಉಳಿಯಿತು. ಅದಕ್ಕೆ ಎರಡು ಹಳೆ ಫೋನ್ ಮತ್ತು ಒಂದು 9 ವೋಲ್ಟ್ ಬ್ಯಾಟರಿಯನ್ನು ಸರಣಿಯಲ್ಲಿ ಹಾಕಿದೆ. ಹಾಲ್‌ನಿಂದ ಬೆಡ್‌ರೂಮಿಗೆ ಇಂಟರ್‌ಕಾಮ್ ರೆಡಿ. ಮಾತು ಚೆನ್ನಾಗೇ ಕೇಳುತ್ತದೆ, ಆದರೆ ಗಂಟೆ ಬಾರಿಸುವುದಿಲ್ಲ, "ಫೋನ್ ಎತ್ತು" ಅಂತ ಮೊದಲು ಕೂಗಬೇಕು. ಮನೆಯವರು ಎರಡು ದಿನ ಸಹಿಸಿಕೊಂಡರು.

ಖರ್ಚು? ಕನೆಕ್ಟರ್‌ಗಳ ಒಂದು ಸಣ್ಣ ಪ್ಯಾಕೆಟ್, ಒಂದು ಸಾಕೆಟ್, ಒಂದು ಕಾರ್ಡ್, ಅಷ್ಟೇ. ಟೋನರ್ ಕೊಂಡಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು. ಬದಲಿಸಿದ ಮೂಲ ಸಾಕೆಟನ್ನು ಎಸೆದಿಲ್ಲ, ಕವರ್‌ನಲ್ಲಿ ಹಾಕಿಟ್ಟಿದ್ದೇನೆ, ಮನೆ ಬಿಡುವಾಗ ಮತ್ತೆ ಕೂರಿಸುತ್ತೇನೆ. ಜಾಯಿಂಟ್ ಮಾತ್ರ ಹಾಗೇ ಬಿಟ್ಟು ಹೋಗುತ್ತೇನೆ. ಪ್ಲೇಟ್ ಒಳಗೆ ಯಾವ ಜೋಡಿ ಎಲ್ಲಿಗೆ ಅಂತ ಪೆನ್ನಿನಲ್ಲಿ ಬರೆದಿದ್ದೇನೆ.